ಮೊದಲ ನೀರು

ಕಳೆದ ತಿಂಗಳು ಬಾಗಲಗುಂಟೆಗೆ ಹೋಗಿದ್ದೆ. ನಾನು ಹಿಂದೆ ಬಾಡಿಗೆಗಿದ್ದ ಮನೆಯ ಗೌರಮ್ಮ ಫೋನ್ ಮಾಡಿ ಬಾ ಎಂದು ಕರೆದಿದ್ದರು, ಇಲ್ಲವೆನ್ನಲು ಆಗಲಿಲ್ಲ. ಹೆಸರಘಟ್ಟ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ತಿರುಗಿದರೆ ಬೀದಿಯ ಗುರುತೇ ಹತ್ತಲಿಲ್ಲ. ಹುಣಸೆಮರವಿದ್ದ ಕಡೆ ಮೊಬೈಲ್ ಅಂಗಡಿ, ಅದರ ಮೇಲೆ ಜಿಮ್ಮು, ಜಿಮ್ಮಿನ ಮೇಲೆ ಇನ್ನೂ ಕಟ್ಟುತ್ತಲೇ ಇರುವ ಮತ್ತೊಂದು ಮಹಡಿ. ಈ ಊರಿನವರಿಗೆ ಕಟ್ಟಿ ಮುಗಿಸುವ ಅಭ್ಯಾಸವೇ ಇಲ್ಲವಲ್ಲ ಎಂದು ಗೊಣಗುತ್ತಾ ನಡೆಯುತ್ತಿದ್ದವಳ ಮೂಗಿಗೆ ಒಂದು ವಾಸನೆ ಬಡಿಯಿತು. ಯಾರೋ ಮನೆಮುಂದಿನ ನಲ್ಲಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಅರಿಶಿನ ಹಚ್ಚಿದ್ದರು. ಒದ್ದೆ ಲೋಹ, ಹುಳಿ, ಅರಿಶಿನ ಮೂರೂ ಸೇರಿದ ವಾಸನೆ ಅದು. ಅಲ್ಲೇ ನಿಂತುಬಿಟ್ಟೆ. ನಗು ಬಂತು. ಒಂದು ಇಡೀ ಚಳಿಗಾಲ ನನ್ನ ಬೆಳಗು ಇದೇ ವಾಸನೆಯಲ್ಲಿ ಆಗುತ್ತಿತ್ತು. ಆ ಚಳಿಗಾಲ ನಾನು ಉಂಡದ್ದು ಮೈಗೆ ಹತ್ತಲಿಲ್ಲ, ಮಲಗಿದರೆ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ನಾನು ಗದಗಿನ ಕಡೆಯವಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆ ಮಾಡುತ್ತೇನೆಂದು ಬೆಂಗಳೂರಿಗೆ ಬಂದಿದ್ದೆ. ನಮ್ಮ ಸಂಸ್ಥೆ ಯಶವಂತಪುರದ ಆಚೆಗಿತ್ತು. ಅದರ ಮೇಲಿನ ಮಹಡಿಯಲ್ಲಿ ನಕ್ಷತ್ರಗಳನ್ನು ಓದುವವರು ಇದ್ದರು, ನೆಲಮಾಳಿಗೆಯಲ್ಲಿ ಬೆಳಕಿನ ಕಣಗಳನ್ನು ಒಂದೊಂದಾಗಿ ಹಿಡಿಯುವವರು. ಅವರಿಬ್ಬರಿಗೂ ಬೇಡವಾದ ಹಿಂದಿನ ಶೆಡ್ಡಿನಂಥ ಕಟ್ಟಡದಲ್ಲಿ ನಾವು, ಊರಿನ ನೀರು, ಮಣ್ಣು, ಧೂಳು ಪರೀಕ್ಷಿಸುವವರು. ನಮಗೆ ಅಲ್ಲಿ ಚರಂಡಿ ಡಿಪಾರ್ಟ್‌ಮೆಂಟು ಎಂದೇ ಹೆಸರು. ಹಾಗೆ ಕರೆಯುವವರಲ್ಲಿ ಇಮ್ರಾನನೇ ಮುಂದು. ಆರ್.ಟಿ. ನಗರದ ಹುಡುಗ, ನೆಲಮಾಳಿಗೆಯ ಕತ್ತಲಲ್ಲಿ ಲೇಸರ್ ಹಿಡಿದು ಕೂತಿರುತ್ತಿದ್ದವನು. ಯಾರದೋ ಕೈಗಡಿಯಾರದ ಮುಳ್ಳು ಮಿನುಗಿದರೂ ತನ್ನ ಪ್ರಯೋಗ ಕೆಟ್ಟಿತೆಂದು ಕಿರುಚುವನು. ಮಧ್ಯಾಹ್ನ ಮಾತ್ರ ನನ್ನ ಡಬ್ಬಿಯ ಜೋಳದ ರೊಟ್ಟಿಗೆ ತಪ್ಪದೆ ಹಾಜರಾಗುತ್ತಿದ್ದ.

ನನ್ನ ಕೆಲಸ ಸರಳವಾಗಿತ್ತು, ಹೇಳುವುದಕ್ಕೆ. ಊರಿನ ಉತ್ತರ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಸೀಸದಂಥ ಲೋಹಗಳು ಎಷ್ಟಿವೆ ಎಂದು ನೋಡುವುದು. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಹೋಗಿ ಮೊದಲು ಬರುವ ನೀರನ್ನು ಒಂದು ಬಾಟಲಿಗೆ ಹಿಡಿಯಬೇಕು. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರಿಗೆ ಪೈಪಿನ, ನಲ್ಲಿಯ ಸೀಸ ಇಳಿದಿದ್ದರೆ ಅದರಲ್ಲಿ ಸಿಗುತ್ತದೆ. ಆಮೇಲೆ ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು ಎರಡನೆಯ ಬಾಟಲಿ. ಅದು ಬಾವಿಯ ನೀರಿನ ಲೆಕ್ಕಕ್ಕೆ. ಲ್ಯಾಬಿನ ಯಂತ್ರ ಆ ನೀರನ್ನು ಸೂರ್ಯನ ಮೈಗಿಂತ ಬಿಸಿಯಾದ ಜ್ವಾಲೆಗೆ ಎರಚಿ, ಅದರಲ್ಲಿರುವ ಲೋಹವನ್ನು ಹೆಕ್ಕಿ ತೋರಿಸುತ್ತಿತ್ತು. ಕೆರೆಗೆ ಒಂದು ಚಿಟಿಕೆ ಹಾಕಿದ್ದರೂ ಹಿಡಿದುಬಿಡುತ್ತದೆ ಎಂದು ನಾವು ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದೆವು. ಅಷ್ಟು ಸೂಕ್ಷ್ಮವಾದ ಯಂತ್ರ ಎಂದಮೇಲೆ ಮಡಿಯೂ ಅಷ್ಟೇ ಜಾಸ್ತಿ. ಬಾಟಲಿಗಳನ್ನು ಆಮ್ಲದಲ್ಲಿ ನೆನೆಸಿ ತೊಳೆಯಬೇಕು. ಬಳೆ, ಉಂಗುರ, ಪೌಡರ್, ಕಾಡಿಗೆ ಯಾವುದೂ ಕೂಡದು. ಹಣೆಗೆ ಕುಂಕುಮವಂತೂ ಕೂಡದೇ ಕೂಡದು, ಅಗ್ಗದ ಬಣ್ಣಗಳಲ್ಲಿ ಏನೇನು ಲೋಹವಿರುತ್ತದೋ ಯಾರಿಗೆ ಗೊತ್ತು. ನಮ್ಮ ಮಾರ್ಗದರ್ಶಕಿ ವಸುಂಧರಾ ಮೇಡಂ ಬಾಗಿಲಲ್ಲೇ ನಿಂತು ನಮ್ಮ ಹಣೆ ನೋಡಿ ಒಳಗೆ ಬಿಡುತ್ತಿದ್ದರು.

ಈ ಖಾಲಿ ಹಣೆಯಿಂದಲೇ ಗೌರಮ್ಮನಿಗೂ ನನಗೂ ಮೊದಲ ಜಗಳ. ನಾನು ಅವರ ಮನೆಯ ಮಾಳಿಗೆಯ ಒಂಟಿ ಕೋಣೆಗೆ ಬಾಡಿಗೆಗೆ ಬಂದಿದ್ದೆ. ಬಾಗಲಗುಂಟೆ ಇನ್ನೂ ಹಳ್ಳಿಯಾಗಿದ್ದಾಗಿಂದ ಇದ್ದ ಮನೆತನ ಅವರದು. ಸುತ್ತಲಿನ ಹೊಲವೆಲ್ಲ ಸೈಟಾಗಿ ಹೋಗಿ, ಮನೆ ಮತ್ತು ಅಂಗಳದ ಕೊಳವೆಬಾವಿ ಉಳಿದಿದ್ದವು. ಅವರ ಯಜಮಾನರು ಮುನಿರಾಜಣ್ಣ ಕಾರ್ಖಾನೆಯಿಂದ ನಿವೃತ್ತರಾಗಿ, ಆ ಬಾವಿಯ ಮೋಟರಿನ ಸೇವೆಯಲ್ಲಿ ಕಾಲ ಕಳೆಯುತ್ತಿದ್ದರು. ಕಾವೇರಿ ನೀರು ಕೈಕೊಟ್ಟ ದಿನ ಬೀದಿಯ ಅರ್ಧ ಜನ ಕೊಡ ಹಿಡಿದು ಅವರ ಅಂಗಳಕ್ಕೇ ಬರುತ್ತಿದ್ದರು. ಗೇಟಿನ ಪಕ್ಕದ ಆ ನಲ್ಲಿಯೆಂದರೆ ಗೌರಮ್ಮನಿಗೆ ಮನೆದೇವರಿಗಿಂತ ಒಂದು ಕೈ ಹೆಚ್ಚೇ.

ಮೊದಲ ದಿನವೇ ನಾನು ಬರಿ ಹಣೆಯಲ್ಲಿ ಮೆಟ್ಟಿಲಿಳಿದದ್ದನ್ನು ಕಂಡು ಅವರು ಒಲೆ ಮುಂದಿನಿಂದ ಎದ್ದು ಬಂದರು. ಮದುವೆಯಾಗದ ಹೆಣ್ಣುಮಗಳು ಹೀಗೆ ಹೋಗಬಾರದೆಂದು ಬೈದು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಕುಂಕುಮ ಇಟ್ಟೇಬಿಟ್ಟರು. ಬಸ್ಸಿನಲ್ಲಿ ಕೂತು ಅದನ್ನು ಕರವಸ್ತ್ರದಲ್ಲಿ ಒರೆಸಿಕೊಂಡೆ. ಇದು ದಿನದ ಕಥೆಯಾಯಿತು. ಅವರು ಇಡುವುದು, ನಾನು ಒರೆಸುವುದು. ಒಮ್ಮೆ ಸಿಟ್ಟು ಬಂದು, ಲ್ಯಾಬಿನಲ್ಲಿ ಕುಂಕುಮ ನಡೆಯುವುದಿಲ್ಲ ಎಂದು ನೇರವಾಗಿಯೇ ಹೇಳಿದೆ. ಅದೆಂಥಾ ದರಿದ್ರದ ಆಫೀಸು ಎಂದು ಅವರು ಅಂದರು. ಮಾರನೆಯ ದಿನ ಮತ್ತೆ ಇಟ್ಟರು.

ಕಾರ್ತಿಕ ಕಳೆದು ಚಳಿ ಬಿದ್ದಾಗ ನನ್ನ ಪಟ್ಟಿಗೆ ಈ ಮನೆಯ ಬಾವಿಯನ್ನೂ ಸೇರಿಸಿಕೊಂಡೆ. ಸುಳ್ಳೇಕೆ, ಸೋಮಾರಿತನ. ಬೇರೆ ಮನೆಗಳಿಗೆ ನಸುಕಿನಲ್ಲಿ ನಡುಗುತ್ತಾ ಹೋಗಬೇಕಿತ್ತು, ಇದಕ್ಕಾದರೆ ಮೆಟ್ಟಿಲಿಳಿದರೆ ಸಾಕು. ಬೇರೆಯವರು ಅಡುಗೆಮನೆಯ ನಲ್ಲಿ ತೋರಿಸಿ ಹಿಡಿದುಕೊಳ್ಳಮ್ಮ ಎಂದಿದ್ದರು. ಗೌರಮ್ಮನ ಹತ್ತಿರ ಮಾತ್ರ ಅದು ಅಷ್ಟು ಸುಲಭವಾಗಲಿಲ್ಲ. ಅವರ ಮನೆಯಲ್ಲಿ ನಲ್ಲಿಯ ಮೊದಲ ನೀರು ಹೊಸ್ತಿಲಿಗೆ. ಮೊದಲ ಕೊಡ ಹಿಡಿದು ಬಾಗಿಲಿಗೆ, ಅಂಗಳಕ್ಕೆ ಹಾಕಿ, ರಂಗೋಲಿ ಬಿಟ್ಟ ಮೇಲೆಯೇ ಮಿಕ್ಕ ನೀರು ಅಡುಗೆಗೆ, ಕುಡಿಯುವುದಕ್ಕೆ. ಅವರ ಅತ್ತೆಯ ಕಾಲದಿಂದಲೂ ಹಾಗೆಯೇ. ಆ ಮೊದಲ ನೀರೇ ನನಗೆ ಬೇಕು ಎಂದಾಗ ಅವರು ಬಹಳ ಹೊತ್ತು ಯೋಚಿಸಿದರು.

"ಪರೀಕ್ಸೆಗೆ ಅಂತೀಯ. ನಿನ್ ಓದಿನ ಇಸ್ಯ. ಆಯ್ತು ತಗಾ, ನೀನು ಇಡ್ಕಂಡ ಮ್ಯಾಕೆ ಹೊಸ್ಲಿಗೆ ಆಕ್ತೀನಿ. ಗಂಗಮ್ಮ ಏನೂ ಅನ್ಕಳಕ್ಕಿಲ್ಲ," ಅಂದರು.

ಹಾಗಾಗಿ ಬುಧವಾರ ಬುಧವಾರ ನಸುಕಿನಲ್ಲಿ ನಾನು ಬಾಟಲಿ ಹಿಡಿದು ಇಳಿಯುತ್ತಿದ್ದೆ. ನಾನು ಬರುವ ಹೊತ್ತಿಗೆ ಗೌರಮ್ಮ ಎದ್ದು, ತಲೆಗೆ ಟವೆಲು ಸುತ್ತಿಕೊಂಡು, ನಲ್ಲಿಕಟ್ಟೆಯ ಪಕ್ಕ ನಿಂತಿರುತ್ತಿದ್ದರು. ಬೀದಿಯೆಲ್ಲ ಮಂಜು, ಎಲ್ಲದರ ಮೇಲೂ ಇಬ್ಬನಿ. ಬೀದಿದೀಪದ ಹಳದಿ ಬೆಳಕಿನಲ್ಲಿ ನಾನು ಕೈಗವಸು ಹಾಕಿಕೊಂಡು ನೀರು ಹಿಡಿಯುವುದನ್ನು ಅವರು ಮಂಗಳಾರತಿ ನೋಡುವವರ ಹಾಗೆ ಕೈಕಟ್ಟಿ ನೋಡುತ್ತಿದ್ದರು.

ಅವರೆಕಾಯಿ ಬೀದಿಗೆ ಬಂದ ವಾರವೇ ಸುಮಾ ಬಂದಳು. ಗೌರಮ್ಮನ ಒಬ್ಬಳೇ ಮಗಳು, ತುಂಬು ಬಸುರಿ, ಚೊಚ್ಚಲ ಹೆರಿಗೆ. ಗಂಡನ ಮನೆ ದೊಡ್ಡಬಳ್ಳಾಪುರ. ಸೀಮಂತ ಮುಗಿಸಿ ಹೆರಿಗೆಗೆಂದು ತವರಿಗೆ ಕರೆತಂದಿದ್ದರು. ಮದುವೆಯಾಗಿ ಬಹಳ ವರ್ಷ ಕಾದು ನಿಂತ ಗರ್ಭ, ಎರಡು ಸಲ ಕೈಗೆ ಬಂದದ್ದು ಬಾಯಿಗೆ ಬರದೆ ಹೋಗಿತ್ತಂತೆ. ಈ ಸಲ ಹೆರಿಗೆ ನಮ್ಮ ಮನೆಯಲ್ಲೇ ಎಂದು ಗೌರಮ್ಮ ಬೀಗರ ಹತ್ತಿರ ಹಟ ಹಿಡಿದು ಒಪ್ಪಿಸಿದ್ದರು. ಆ ಮನೆಗೆ ಹಬ್ಬ ಬಂದಂತಾಯಿತು. ಗೌರಮ್ಮ ದಿನವೂ ಅವರೆಕಾಳು ಹಿಚುಕುತ್ತಾ ಕೂರುವರು, ಸುಮಾ ಅವರ ಪಕ್ಕ ಕಾಲು ಚಾಚಿ ಕೂತು ಸಿಪ್ಪೆಯನ್ನು ನನ್ನ ಮೇಲೆ ಎಸೆಯುವಳು. ನನಗಿಂತ ಸ್ವಲ್ಪ ದೊಡ್ಡವಳಾದರೂ ಬೇಗ ಗೆಳತಿಯಾದಳು.

ಅದೇ ವಾರ ಯಂತ್ರ ನನ್ನ ಬಾಟಲಿಗಳ ಲೆಕ್ಕ ಒಪ್ಪಿಸಿತು. ಎಲ್ಲ ಮನೆಗಳ ನೀರೂ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ನಮ್ಮ ಮನೆಯ ಮೊದಲ ಬಾಟಲಿಯಲ್ಲಿ ಮಾತ್ರ ಸೀಸ, ಇರಬಹುದಾದ ಮಿತಿಯನ್ನು ಎಲ್ಲೋ ದಾಟಿ.

ಸೀಸ ದೊಡ್ಡವರಿಗೇ ಒಳ್ಳೆಯದಲ್ಲ. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗಂತೂ ಹಗೆ. ತಾಯಿಯ ರಕ್ತದಿಂದ ನೇರ ಮಗುವಿಗೆ ಇಳಿಯುತ್ತದೆ, ತಡೆಯುವ ಬಾಗಿಲೇ ಇಲ್ಲ. ಬಾಟಲಿ ತೊಳೆದದ್ದರಲ್ಲಿ ತಪ್ಪಾಯಿತೇ ಎಂದು ನೋಡಿದೆ, ಆಗಿರಲಿಲ್ಲ. ಶುದ್ಧ ನೀರು ತುಂಬಿ ಜೊತೆಗೆ ಒಯ್ದಿದ್ದ ಸಾಕ್ಷಿ ಬಾಟಲಿ ಸ್ವಚ್ಛವಾಗಿತ್ತು. ಹರಿಯಬಿಟ್ಟು ಹಿಡಿದ ಎರಡನೆಯ ಬಾಟಲಿಯೂ ಸ್ವಚ್ಛ. ಎಂದರೆ ದೋಷ ಬಾವಿಯಲ್ಲಿಲ್ಲ, ಪೈಪಿನಲ್ಲೋ ನಲ್ಲಿಯಲ್ಲೋ ಇದೆ ಎಂದು ಲೆಕ್ಕ ಹಾಕಿದೆ. ಇನ್ನೊಂದು ವಾರ ನೋಡು, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದರು ಮೇಡಂ. ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡು ಆ ಮನೆಯಲ್ಲಿ ಓಡಾಡಿದ್ದು ಹೇಗೆಂದು ನನಗೇ ಗೊತ್ತು. ಸುಮಾ ಲೋಟ ಎತ್ತಿದಾಗಲೆಲ್ಲ ನಾನು ಎದ್ದು ಮಾಳಿಗೆಗೆ ಹೋಗಿಬಿಡುತ್ತಿದ್ದೆ. ಮುಂದಿನ ಬುಧವಾರದ್ದೂ ಹಾಗೆಯೇ ಬಂತು, ಹೆಚ್ಚೇ ಬಂತು. ಆವತ್ತು ಸಂಜೆ ಮೇಡಂ ಇನ್ನೂ ಒಂದು ಸಲ ನೋಡೋಣ ಅನ್ನುವ ಮೊದಲೇ ನಾನು ಮನೆಗೆ ಬಂದು ಹೇಳಿಬಿಟ್ಟೆ. ಅವತ್ತಿನ ಮಟ್ಟಿಗೆ ಅದು ಸರಿಯೇ ಎಂದು ಈಗಲೂ ಅನ್ನುತ್ತೇನೆ.

ಮಾತು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಲು ಎಷ್ಟು ಹೊತ್ತು. ಎರಡೇ ದಿನದಲ್ಲಿ ಅಂಗಳಕ್ಕೆ ಕೊಡಗಳು ಬರುವುದು ನಿಂತಿತು. ಮನೆಗೆ ಕ್ಯಾನ್ ನೀರು ಬಂತು. ಮುನಿರಾಜಣ್ಣ ನನ್ನ ಜೊತೆ ಮಾತೇ ಬಿಟ್ಟರು. ಅವರೇ ನಿಂತು ತೋಡಿಸಿದ ಬಾವಿ, ಯಾರಿಗೂ ಇಲ್ಲವೆನ್ನದೆ ನೀರು ಕೊಟ್ಟವರು. ಈಗ ಜನ ಗೇಟಿನ ಮುಂದೆ ನಡೆಯುವಾಗ ನಲ್ಲಿಯ ಕಡೆ ನೋಡಿ ತಲೆ ಆಡಿಸಿಕೊಂಡು ಹೋಗುತ್ತಿದ್ದರು. ಸುಮಾಳ ರಕ್ತ ಪರೀಕ್ಷೆಗೆ ಕೊಟ್ಟಾಗಿತ್ತು, ವರದಿ ಬರುವುದು ತಡವೆಂದಿದ್ದರು. ಅವಳು ಮೊದಲಿನಂತೆ ನಗುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂರುವಳು. ಸಿಪ್ಪೆ ಎಸೆಯಲಿ ಎಂದು ನಾನು ಬೇಕೆಂದೇ ಅವಳ ಮುಂದೆ ಸುಳಿದಾಡಿದರೂ ಎಸೆಯಲಿಲ್ಲ.

ಸುದ್ದಿ ದೊಡ್ಡಬಳ್ಳಾಪುರಕ್ಕೂ ಮುಟ್ಟಿತು. ಬೀಗಿತ್ತಿ ಫೋನ್ ಮಾಡಿ, ಸೊಸೆಯನ್ನು ವಾಪಸು ಕಳಿಸಿ, ನಮ್ಮಲ್ಲೇ ಹೆರಿಗೆ ಮಾಡಿಸುತ್ತೇವೆ ಎಂದರು. ಅವರದೂ ತಪ್ಪಲ್ಲ, ಅವರಿಗೂ ಅದೇ ಮೊದಲ ಮೊಮ್ಮಗು. ಗೌರಮ್ಮ ಕೈಮುಗಿದು ಒಂದೇ ಒಂದು ಅವಕಾಶ ಕೇಳಿದರು. ಪೈಪು ಬದಲಾಯಿಸುತ್ತೇವೆ, ನಲ್ಲಿ ಬದಲಾಯಿಸುತ್ತೇವೆ, ಈ ಹುಡುಗಿ ಮತ್ತೆ ಪರೀಕ್ಷೆ ಮಾಡುತ್ತಾಳೆ, ಆಗಲೂ ಕೆಟ್ಟದ್ದೇ ಬಂದರೆ ನೀವು ಹೇಳಿದಂತೆ ಎಂದರು. ಮುನಿರಾಜಣ್ಣ ಅಂಗಳ ಅಗೆಸಿ ಹಳೆಯ ಪೈಪು ಕಿತ್ತು ಹೊಸದು ಹಾಕಿಸಿದರು. ಸವೆದಿದ್ದ ಹಳೆಯ ಹಿತ್ತಾಳೆ ನಲ್ಲಿ ಹೋಗಿ ಥಳಥಳ ಹೊಳೆಯುವ ಸ್ಟೀಲಿನ ನಲ್ಲಿ ಬಂತು. ಅದನ್ನು ಕೂರಿಸಿದ ಮೇಲಿನ ಮೊದಲ ಬುಧವಾರ ನಾನು ಮೊದಲ ನೀರು ಹಿಡಿದು, ಬಾಟಲಿಯನ್ನು ಮಗುವಿನಂತೆ ಎದೆಗವಚಿಕೊಂಡು ಲ್ಯಾಬಿಗೆ ಹೋದೆ.

ಹಿಂದಿನ ಎಲ್ಲ ಸಲಕ್ಕಿಂತ ಹೆಚ್ಚು ಸೀಸ ಬಂತು.

ಯಂತ್ರದ ಮುಂದೆ ಕೂತು ಅತ್ತುಬಿಟ್ಟೆ. ಇಮ್ರಾನ್ ರೊಟ್ಟಿಗೆಂದು ಬಂದವನು ನನ್ನ ಮುಖ ನೋಡಿ, ಚಹಾ ತಂದಿಟ್ಟು ಪಕ್ಕದಲ್ಲಿ ಕೂತ. ಅವನು ರೊಟ್ಟಿ ಕೇಳದೇ ಇದ್ದದ್ದು ಅದೊಂದೇ ದಿನ. ಮೇಡಂ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೊಸ ಪೈಪು, ಹೊಸ ನಲ್ಲಿ, ಆದರೂ ಹೆಚ್ಚಾಗಿದೆ ಎಂದರೆ ಇದರಲ್ಲಿ ಏನೋ ಇದೆ, ಮುಂದಿನ ಬುಧವಾರ ನಾನೇ ಬಂದು ನಿಂತು ನೋಡುತ್ತೇನೆ ಎಂದರು. ಮನೆಗೆ ಬಂದು ಫಲಿತಾಂಶ ಹೇಳಿದೆ. ಗೌರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಮಗಳ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬತೊಡಗಿದರು. ಬೀಗರು ಅದೇ ಬುಧವಾರ ಬರುತ್ತಾರೆಂದು ಗೊತ್ತಾಯಿತು. ಹನ್ನೆರಡಕ್ಕೆ ರಾಹುಕಾಲ ಹಿಡಿಯುತ್ತದೆ, ಅದು ಕಳೆದ ಮೇಲೆ ಹೊರಡಿಸಿಕೊಂಡು ಹೋಗುವುದು.

ಆ ಬುಧವಾರ ಮೇಡಂ ಸಂಜಯನಗರದಿಂದ ನಸುಕಿಗೇ ಆಟೋ ಮಾಡಿಕೊಂಡು ಬಂದರು. ತಲೆಗೆ ಮಫ್ಲರು, ಕೈಯಲ್ಲಿ ಟಾರ್ಚು. ಮಗಳು ಹೊರಡುವ ದಿನ, ಅದರ ಮೇಲೆ ನನ್ನ ಮೇಡಂ ಮನೆಗೆ ಬರುವ ದಿನ, ಗೌರಮ್ಮ ಸುಮ್ಮನಿರುವರೇ. ನಲ್ಲಿಕಟ್ಟೆಯ ಮುಂದೆ ದೊಡ್ಡ ರಂಗೋಲಿ ಬಿಟ್ಟಿದ್ದರು. ಎರಡು ಸೇವಂತಿಗೆ ಹೂ, ಒಂದು ಬಾಳೆಹಣ್ಣು, ಹಚ್ಚಿಟ್ಟ ಊದುಬತ್ತಿ. ಮೇಡಂ ಮುಗುಳ್ನಕ್ಕು, ಚೆನ್ನಾಗಿದೆ ಎಂದು ಹೇಳಿ, ನನ್ನ ಕಡೆ ತಿರುಗಿ ಹಿಡಿ ಎಂದರು. ನಾನು ಕೈಗವಸು ಹಾಕಿಕೊಂಡು, ಬಾಟಲಿಯ ಮುಚ್ಚಳ ತೆಗೆದು ಬಗ್ಗಿದೆ. ಮೇಡಂ ಹಿಂದಿನಿಂದ ಟಾರ್ಚು ಬಿಟ್ಟರು.

ಹೊಸ ಸ್ಟೀಲಿನ ನಲ್ಲಿಯ ಕತ್ತಿಗೆ ಅರಿಶಿನ ಬಳಿದಿತ್ತು. ಅದರ ನಡುವೆ ಕಾಸಗಲದ ಕುಂಕುಮ. ರಾತ್ರಿಯ ಇಬ್ಬನಿಗೆ ಆ ಕುಂಕುಮ ಒದ್ದೆಯಾಗಿ, ಎಳೆಯಷ್ಟು ಸಣ್ಣ ಕೆಂಪು ಗೆರೆಯೊಂದು ಇಳಿದು ನಲ್ಲಿಯ ಬಾಯಂಚಿಗೆ ಬಂದು ನಿಂತಿತ್ತು.

ಇಷ್ಟು ವಾರ ಆ ಕುಂಕುಮ ಅಲ್ಲೇ ಇತ್ತು. ಹಳೆಯ ಹಿತ್ತಾಳೆಯ ಮೇಲೆ, ಮಬ್ಬು ಬೆಳಕಿನಲ್ಲಿ ಇತ್ತು. ಇಲ್ಲ, ಬೆಳಕಿನ ನೆಪ ಯಾಕೆ, ಹಗಲಲ್ಲಿಯೂ ನೋಡಿದ್ದೇನೆ. ನಮ್ಮೂರಿನಲ್ಲಿ ನನ್ನವ್ವ ಬಾವಿಗಟ್ಟೆಗೆ ಹಚ್ಚುವುದನ್ನು ಹುಟ್ಟಿದಾಗಿಂದ ನೋಡಿದ್ದೇನೆ. ಹಣೆಯ ಮೇಲಿನ ಕುಂಕುಮ ನನಗೆ ಬಣ್ಣವಾಗಿತ್ತು, ಒರೆಸಿಕೊಂಡು ಹೋದೆ. ನಲ್ಲಿಯ ಮೇಲಿನದು ಬಣ್ಣವಾಗಿರಲಿಲ್ಲ, ಅದು ನಲ್ಲಿಯದೇ ಒಂದು ಭಾಗವಾಗಿತ್ತು. ತಿರುಗಿ ಮೇಡಂ ಮುಖ ನೋಡಿದೆ. ಅವರು ಟಾರ್ಚನ್ನು ಆ ಕೆಂಪು ಗೆರೆಯ ಮೇಲೆಯೇ ಹಿಡಿದಿದ್ದರು.

"ಅಮ್ಮಾ, ಇದನ್ನ ಹಚ್ಚೋದು ಯಾವಾಗಿಂದ?" ಎಂದು ಮೇಡಂ ಬಹಳ ಮೆತ್ತಗೆ ಕೇಳಿದರು.

"ಸುಕ್ರವಾರ ಯಾವಾಗ್ಲೂ ಅಚ್ತೀನಿ ಕಣವ್ವ. ಬುದುವಾರದ್ದು ಮಾತ್ರ ಈ ನಿಮ್ ಉಡುಗೀಗೋಸ್ಕರ. ನೀರಿಂದು ಪರೀಕ್ಸೆ ಐತೆ ಅಂದ್ಲು. ಎತ್ತವ್ರು ದೂರ ಅವ್ರೆ, ಅಣೆಗಿಟ್ರೆ ಅಳಿಸ್ಕಂಡು ಓಯ್ತಾಳೆ. ಅದ್ಕೆ ರಾತ್ರಿನೇ ಗಂಗಮ್ಮಂಗೆ ಇಟ್ಟು, ಈ ಮಗೀನ ಪಾಸು ಮಾಡಮ್ಮ ಅಂತ ಕೇಳ್ಕತಿದ್ದೆ."

ಮೇಡಂ ಕಟ್ಟೆಯ ಮೇಲೆ ಕೂತೇಬಿಟ್ಟರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟು ದಿನ ಒಂದು ಲೋಹದ ಬೆನ್ನು ಹತ್ತಿದ್ದೆ, ಅದು ನನ್ನ ಒಳ್ಳೆಯದಕ್ಕೆಂದೇ ಅಲ್ಲಿ ಬಂದು ಕೂತಿತ್ತು. ಹೊಸ ನಲ್ಲಿ ಬಂದಾಗ ಹೊಸದೆಂದು ಇನ್ನಷ್ಟು ದಪ್ಪಗೆ ಹಚ್ಚಿದ್ದರು, ಅದಕ್ಕೇ ಆವತ್ತು ಲೆಕ್ಕ ಏರಿದ್ದು. ಈ ಯಂತ್ರಕ್ಕೆ ಹಿಡಿಯಲು ಸಾಸಿವೆ ಕಾಳಿಗಿಂತ ಎಷ್ಟೋ ಕಡಿಮೆ ಕುಂಕುಮ ಸಾಕು, ನೀರಿಗೆ ಬಣ್ಣವೂ ಬಂದಿರುವುದಿಲ್ಲ. ಆದರೆ ಇದೆಲ್ಲ ಇನ್ನೂ ನಮ್ಮ ಊಹೆ. ಇದ್ದ ಹಾಗೆಯೇ ಒಂದು ಬಾಟಲಿ ಹಿಡಿದೆವು. ನಲ್ಲಿಯನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ಒಳಗೂ ಹೊರಗೂ ಒರೆಸಿ, ಪೈಪಿನಲ್ಲಿ ನೀರು ನಿಲ್ಲಲೆಂದು ಬಿಸಿಲು ಏರುವವರೆಗೆ ಯಾರೂ ಮುಟ್ಟದಂತೆ ಕಾದು, ಇನ್ನೊಂದು ಹಿಡಿದೆವು. ದೇವರ ಮನೆಯ ಬಟ್ಟಲಿನಿಂದ ಒಂದು ಚಿಟಿಕೆ ಕುಂಕುಮವನ್ನು ಪೊಟ್ಟಣ ಕಟ್ಟಿಕೊಂಡೆವು. ಗೌರಮ್ಮನಿಗೆ ಏನೂ ಹೇಳಲಿಲ್ಲ. ಸುಮಾಳ ಚೀಲ ಆಗಲೇ ಹೊಸ್ತಿಲ ಪಕ್ಕಕ್ಕೆ ಬಂದಿತ್ತು. ನಾನು ಫೋನ್ ಮಾಡುವವರೆಗೆ ಹೊರಡಬೇಡ ಎಂದು ಅವಳ ಕಿವಿಯಲ್ಲಿ ಹೇಳಿ ಆಟೋ ಹತ್ತಿದೆ.

ಯಂತ್ರ ಬಿಸಿಯಾಗುವವರೆಗಿನ ಹೊತ್ತು ಎಂದೂ ಅಷ್ಟು ಉದ್ದವಾಗಿರಲಿಲ್ಲ. ಮೊದಲ ಬಾಟಲಿಯಲ್ಲಿ ಸೀಸ, ಎಂದಿನಂತೆ, ಹೇರಳ. ಕುಂಕುಮದ ಪೊಟ್ಟಣದಲ್ಲಿ ಎಷ್ಟಿತ್ತೆಂದರೆ, ಎಷ್ಟೋ ಪಾಲು ತೆಳುಮಾಡಿದರೂ ಯಂತ್ರ ತಾಳಲಾರದೆ ತಕರಾರು ತೆಗೆಯಿತು. ಸಂತೆಯಲ್ಲಿ ತೂಕಕ್ಕೆ ಸಿಗುವ ಕುಂಕುಮವದು, ಕಣ್ಣು ಕೋರೈಸುವ ಕೆಂಪು. ಆಮೇಲೆ ತೊಳೆದ ನಲ್ಲಿಯ ಬಾಟಲಿ. ಮೇಡಂ, ನಾನು, ಬಾಗಿಲಿಗೊರಗಿ ನಿಂತ ಇಮ್ರಾನ್, ಮೂವರೂ ಪರದೆ ನೋಡುತ್ತಿದ್ದೆವು. ಗೆರೆ ಏಳಲಿಲ್ಲ. ಮತ್ತೆ ಹಾಕಿದೆವು, ಏಳಲಿಲ್ಲ. ಮೂರನೆಯ ಸಲವೂ ಅದು ನೆಲಕ್ಕಂಟಿಕೊಂಡೇ ಹೋಯಿತು. ಅಷ್ಟು ಚಂದದ ಚಪ್ಪಟೆ ಗೆರೆಯನ್ನು ನಾನು ಈವರೆಗೆ ಮತ್ತೆ ನೋಡಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಸುಮಾಳಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಮುನಿರಾಜಣ್ಣನೂ ಎತ್ತಲಿಲ್ಲ. ಬೀಗರು ಬಂದಿರಬೇಕು, ಫೋನ್ ಎಲ್ಲೋ ಬಿದ್ದಿರಬೇಕು. ಗಡಿಯಾರ ನೋಡಿದರೆ ಹನ್ನೆರಡು ಕಳೆದಿತ್ತು.

"ಹತ್ತು ಮಗಾ," ಅಂದ ಇಮ್ರಾನ್, ಸ್ಕೂಟರಿನ ಕೀಲಿ ತಿರುಗಿಸುತ್ತಾ. "ರಾಹುಕಾಲ ಇನ್ನೂ ಐತೆ. ನಿಮ್ಮೋರು ಅದು ಮುಗಿಯೋವರ್ಗೂ ಕಾಲ್ ಎತ್ತಿ ಹೊರಗಿಡಲ್ಲ."

ಗೊರಗುಂಟೆಪಾಳ್ಯದ ಸಿಗ್ನಲಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು, ಅವನು ಸಾಲು ಸಾಲಾಗಿ ಎಲ್ಲರನ್ನೂ ಬೈಯುತ್ತಾ, ನಾನು ಹಿಂದೆ ಕೂತು ಗೊತ್ತಿದ್ದ, ಗೊತ್ತಿಲ್ಲದ ದೇವರುಗಳನ್ನೆಲ್ಲ ಕರೆಯುತ್ತಾ ಹೋದೆವು. ವಿಜ್ಞಾನ ಓದಿದವಳು ನಾನು, ಆವತ್ತು ರಾಹುಕಾಲ ಒಂದು ಗಳಿಗೆ ಹೆಚ್ಚಾಗಲಿ ಎಂದು ಬೇಡಿಕೊಂಡೆ. ನಮ್ಮ ಬೀದಿಗೆ ತಿರುಗಿದಾಗ ಗೇಟಿನ ಮುಂದೆ ಕಾರು ನಿಂತಿತ್ತು. ಡಿಕ್ಕಿಯಲ್ಲಿ ಚೀಲ ಇತ್ತು. ಸುಮಾ ವರಾಂಡದ ಕುರ್ಚಿಯಲ್ಲಿ ಕೂತಿದ್ದಳು, ಬೀಗಿತ್ತಿ ಗಡಿಯಾರ ನೋಡುತ್ತಿದ್ದರು, ಗೌರಮ್ಮ ಕಂಬ ಹಿಡಿದು ನಿಂತಿದ್ದರು.

ನನಗೆ ಏದುಸಿರು. ನೀರು ಚಲೋ ಐತಿ ಎಂದಷ್ಟೇ ಮೊದಲು ಬಾಯಿಂದ ಬಂತು. ಆಮೇಲೆ ಉಸಿರು ಹಿಡಿದು ಒಂದೊಂದಾಗಿ ಹೇಳಿದೆ. ಬಾವಿಯಲ್ಲಿ ದೋಷವಿಲ್ಲ, ಪೈಪಿನಲ್ಲೂ ನಲ್ಲಿಯಲ್ಲೂ ಇಲ್ಲ, ಸೀಸ ಇದ್ದದ್ದು ನಲ್ಲಿಗೆ ಹಚ್ಚಿದ ಕುಂಕುಮದಲ್ಲಿ ಎಂದೆ. ಮುನಿರಾಜಣ್ಣ ಹೋಗಿ ತಮ್ಮ ನಲ್ಲಿಯ ತಲೆಯ ಮೇಲೆ ಕೈಯಿಟ್ಟು ನಿಂತುಕೊಂಡರು. ಗೌರಮ್ಮನ ಮುಖ ಮಾತ್ರ ಬಿಳಿಚಿತು.

"ಅಂಗಾರೆ ನಾನೇನಾ? ನನ್ ಮಗಳ್ಗೆ ನಾನೇ ಕೈಯಾರೆ ಇಸ ಆಕಿದ್ನಾ?"

ಅವರು ಕಂಬ ಬಿಟ್ಟು ಮಗಳ ಕಡೆ ತಿರುಗಿದರು. ನಾನು ಓಡಿಹೋಗಿ ಅವರ ಕೈ ಹಿಡಿದುಕೊಂಡೆ. ಆಗಲೇ ನನಗೆ ಹೊಳೆದದ್ದು. ಸ್ಕೂಟರಿನ ಮೇಲೆ ಅಷ್ಟು ದೂರ ಬಂದರೂ ಹೊಳೆದಿರಲಿಲ್ಲ.

"ಇಲ್ರಿ ಅಮ್ಮ. ಮೊದಲ ನೀರು ನೀವು ಎಂದಾರ ಕುಡಿದೀರೇನ್ರಿ? ಒಂದು ಬಾಟ್ಲಿ ನನಗ, ಉಳಿದದ್ದು ಹೊಸ್ತಿಲಕ್ಕ. ಈ ಮನಿಯಾಗ ಆ ನೀರು ಯಾರ ಬಾಯಿಗೂ ಹೋಗಿಲ್ರಿ."

ಗೌರಮ್ಮ ನನ್ನನ್ನೇ ನೋಡಿದರು. ಆಮೇಲೆ ಹೊಸ್ತಿಲ ಕಡೆ ನೋಡಿದರು. ದಿನಾ ನೀರು ಬಿದ್ದು ಬಿದ್ದು ನುಣುಪಾದ ಹೊಸ್ತಿಲು ಅದು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಜೋರಾಗಿ ಅತ್ತರು. ಸುಮಾಳೂ ಅತ್ತಳು. ಅವಳನ್ನು ನೋಡಿ ಬೀಗಿತ್ತಿ ಕಣ್ಣೊರೆಸಿಕೊಂಡರು. ಇಮ್ರಾನ್ ಕೇಳದೆಯೇ ಹೋಗಿ ಡಿಕ್ಕಿಯಿಂದ ಚೀಲ ತೆಗೆದು ಒಳಗಿಟ್ಟು ಬಂದ. ಬೀಗಿತ್ತಿ ಅದನ್ನು ನೋಡಿದರು. ಹಾಗಾದರೆ ಆ ನೀರಲ್ಲೇ ಒಂದು ಲೋಟ ಕಾಫಿ ಮಾಡಿ ಎಂದರು. ಅಲ್ಲಿಗೆ ಎಲ್ಲ ಇತ್ಯರ್ಥವಾಯಿತು. ಆವತ್ತು ಅವರೂ ನಮ್ಮ ಜೊತೆ ಹಿದುಕಿದವರೆಬೇಳೆ ಸಾರಿನಲ್ಲಿ ಮುದ್ದೆ ಉಂಡು ಹೋದರು. ಇಮ್ರಾನ್ ಮೂರು ಮುದ್ದೆ ಉಂಡ.

ಸುಮಾಳ ರಕ್ತದ ವರದಿ ಅದಾದ ಮೇಲೆ ಬಂತು, ಸೀಸ ಹೇಳಿಕೊಳ್ಳುವಷ್ಟು ಇರಲಿಲ್ಲ. ಮದುವೆಯಾದಾಗಿಂದ ಅವಳು ಅಂಟಿಸುವ ಬಿಂದಿಯವಳು, ಅಮ್ಮನ ಕುಂಕುಮ ಹಚ್ಚಿದರೆ ಹಣೆ ಕೆರೆಯುತ್ತದೆ ಎಂದು ದೂರವಿಟ್ಟಿದ್ದಳು. ಅದಕ್ಕೂ ಗೌರಮ್ಮ ಅವಳನ್ನು ಎಷ್ಟೋ ಸಲ ಬೈದಿದ್ದರಂತೆ. ಈಗ ಮಗಳು ಗೆದ್ದಳು. ಬೀದಿಯವರು ಒಬ್ಬೊಬ್ಬರಾಗಿ ಕೊಡ ಹಿಡಿದು ವಾಪಸು ಬಂದರು. ಗೌರಮ್ಮ ಬಂದವರಿಗೆಲ್ಲ ನಿಮ್ಮ ಮನೆಯ ಕುಂಕುಮವನ್ನು ಮೊದಲು ತೋರಿಸಿ ಎಂದು ಶುರುಮಾಡಿದರು. ಪೊಟ್ಟಣಗಳು ರಾಶಿ ಬಿದ್ದವು, ನನ್ನ ಸಂಶೋಧನೆಯ ಅರ್ಧ ಭಾಗ ಹಾಗೆ ಬಾವಿ ಬಿಟ್ಟು ಕುಂಕುಮಕ್ಕೆ ತಿರುಗಿತು. ಶಿವರಾತ್ರಿ ಹತ್ತಿರ ಬಂದು ಚಳಿ ಹಿಂದೆ ಸರಿಯುತ್ತಿದ್ದಾಗ ಸುಮಾಳಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ ಕೂಡಲೇ ಆಸ್ಪತ್ರೆಯೇ ಎದ್ದು ಕೂರುವಂತೆ ಅತ್ತಿತು.

ಕಳೆದ ತಿಂಗಳು ಗೌರಮ್ಮ ಕರೆದದ್ದು ಮೂರು ವರ್ಷ ತುಂಬಿದ ಆ ಮಗುವಿನ ಕಿವಿ ಚುಚ್ಚಿಸುವುದಕ್ಕೆ. ಗೇಟು ತೆಗೆದರೆ ಅದೇ ಸ್ಟೀಲಿನ ನಲ್ಲಿ, ಹೊಳಪು ಹೋಗಿದೆ. ಕುಂಕುಮ ಈಗಲೂ ಇದೆ, ಕಟ್ಟೆಯ ಕಲ್ಲಿಗೆ, ನಲ್ಲಿಯ ಬಾಯಿಗಿಂತ ಬಹಳ ಕೆಳಗೆ. ಒಳಗೆ ಅಂಗಳದಲ್ಲಿ ಮೊರದ ತುಂಬ ಅರಿಶಿನದ ಕೊಂಬು ಒಣಗುತ್ತಿತ್ತು. ಅದಕ್ಕೆ ನಿಂಬೆರಸ, ಬಿಳಿಗಾರ ಹಾಕಿ ಕೆಂಪೇರಿಸಿ, ಕುಟ್ಟಿ, ಜರಡಿ ಹಿಡಿದು, ಒಂದು ಹನಿ ತುಪ್ಪ ಸೇರಿಸಿ ಗೌರಮ್ಮ ಮನೆಯಲ್ಲೇ ಕುಂಕುಮ ಮಾಡುತ್ತಾರೆ. ಮೊದಲು ಮಾಡಿದ್ದನ್ನು ನನ್ನ ಕೈಗೆ ಕೊಟ್ಟು ಕಳಿಸಿದ್ದರು, ಯಂತ್ರದಲ್ಲಿ ಗೆರೆ ಏಳಲಿಲ್ಲ. ಬೀದಿಯ ಅರ್ಧ ಹಣೆಗಳ ಮೇಲೆ ಈಗ ಅದೇ. ಅಂಗಡಿಯ ಕೆಂಪಿಲ್ಲ ಅದಕ್ಕೆ, ಸ್ವಲ್ಪ ಮಾಸಲು.

ನಾನು ಹೊರಡಲು ಎದ್ದಾಗ ಗೌರಮ್ಮ ಬಟ್ಟಲು ತಂದರು. ಸಂಜೆ ಲ್ಯಾಬಿಗೆ ಹೋಗುವುದಿತ್ತು. ಎಂದಿನ ಅಭ್ಯಾಸ, ಬೇಡವೆಂದು ನಾನು ಹಿಂದೆ ಸರಿದೆ. ಅವರು ಬಿಡಲಿಲ್ಲ. ನನ್ನ ಗಲ್ಲ ಹಿಡಿದು ಹಣೆಗೆ ಒತ್ತಿ ಇಟ್ಟರು.

"ಸುಮ್ಕಿರು, ಎದ್ರುಕಬ್ಯಾಡ. ಇದು ನೀನೇ ಪಾಸು ಮಾಡಿರೋದು ಕಣೆ," ಅಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ದಾಸರಹಳ್ಳಿ ದಾಟಿ, ಯಶವಂತಪುರ ಬಂತು. ಕರವಸ್ತ್ರ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಮೇಡಂ ನನ್ನ ಹಣೆ ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಆ ಮಾಸಲು ಕೆಂಪಿನ ಗುರುತು ಹಿಡಿದರು, ಪಕ್ಕಕ್ಕೆ ಸರಿದು ಒಳಗೆ ಬಿಟ್ಟರು.